ರಿಪೋರ್ಟಿನಲ್ಲಿ ದಪ್ಪ ಅಕ್ಷರ ಬಿದ್ದ ಎರಡು ಸಾಲು

2025ರ ಜೂನ್, ಜುಲೈ ನೆನಪಿರಬೇಕು. ಬೆಳಗಾದರೆ ಹಾಸನ ಜಿಲ್ಲೆಯಿಂದ ಇನ್ನೊಂದು ಹೃದಯಾಘಾತದ ಸುದ್ದಿ. ಟಿವಿಯವರು ಲೆಕ್ಕ ಇಟ್ಟುಕೊಂಡು ಕೂತಿದ್ದರು. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಜನ ಸಾಲುಗಟ್ಟಿದರು. ಸಾವುಗಳು ಹಿಂದಿಗಿಂತ ವಿಪರೀತವಾಗಿ ಏರಿಲ್ಲ ಅಂತ ಸರ್ಕಾರದ ತಜ್ಞರ ಸಮಿತಿ ಆಮೇಲೆ ಹೇಳಿತು. ಅಷ್ಟರಲ್ಲಿ ನಮ್ಮ ಬಂಧುಬಳಗವೆಲ್ಲ ಅವರವರ ಊರಿನ ಲ್ಯಾಬಿಗೆ ಹೋಗಿ ರಕ್ತ ಕೊಟ್ಟು ಬಂದಾಗಿತ್ತು. ಫ್ಯಾಮಿಲಿ ಗ್ರೂಪಿನಲ್ಲಿ ಗುಡ್ ಮಾರ್ನಿಂಗ್ ಹೂಗಳ ಜಾಗಕ್ಕೆ ರಿಪೋರ್ಟುಗಳ ಪಿಡಿಎಫ್ ಬಂದವು. ಪ್ರತಿ ಪಿಡಿಎಫ್ ಕೆಳಗೂ ಒಂದೇ ಪ್ರಶ್ನೆ: "ಕೊಲೆಸ್ಟ್ರಾಲ್ ಎಷ್ಟು ಬಂತು?" ಉತ್ತರ 200ರ ಒಳಗಿದ್ದರೆ ಕೈ ಮುಗಿಯುವ ಇಮೋಜಿ, ಹೆಬ್ಬೆರಳು. 200 ದಾಟಿದ್ದರೆ ಬೆಳ್ಳುಳ್ಳಿ ನುಂಗುವ ಸಲಹೆ.

ತಿಪಟೂರಿನಲ್ಲಿರುವ ಭಾವನದು 178. ಗ್ರೂಪಿನಲ್ಲಿ ಆ ದಿನ ಅತಿ ಹೆಚ್ಚು ಹೆಬ್ಬೆರಳು ಸಿಕ್ಕಿದ್ದು ಅವರಿಗೇ. ನೋಡೋಕೂ ಸಣ್ಣ ಆಳು. ಐದು ಅಡಿ ಏಳು ಇಂಚು, 66 ಕೆಜಿ. ಸಿಗರೇಟಿಲ್ಲ, ಕುಡಿತವಿಲ್ಲ. ನಾನು ಸುಮ್ನೆ ಆ ಪಿಡಿಎಫ್ ತೆರೆದು ನೋಡಿದೆ. ಟೋಟಲ್ ಕೊಲೆಸ್ಟ್ರಾಲ್ 178, ಕೆಟ್ಟ ಕೊಲೆಸ್ಟ್ರಾಲ್ ಅನ್ನುವ ಎಲ್‌ಡಿಎಲ್ 95. ಎರಡೂ ತಣ್ಣಗೆ ಮಾಮೂಲಿ ಅಕ್ಷರದಲ್ಲಿ. ಅವುಗಳ ನಡುವೆ ದಪ್ಪ ಅಕ್ಷರದ ಎರಡು ಸಾಲು: ರಕ್ತದಲ್ಲಿ ಓಡಾಡುವ ಕೊಬ್ಬಾದ ಟ್ರೈಗ್ಲಿಸರೈಡ್ 262, ಒಳ್ಳೆಯ ಕೊಲೆಸ್ಟ್ರಾಲ್ ಅನ್ನುವ ಎಚ್‌ಡಿಎಲ್ 31. ಮೊದಲನೆಯದು 150ರ ಒಳಗಿರಬೇಕಿತ್ತು. ಎರಡನೆಯದು ಗಂಡಸರಿಗೆ ಕಡೇಪಕ್ಷ 40, ಹೆಂಗಸರಿಗೆ 50 ಇರಬೇಕು. ಈ ಎರಡು ಸಾಲಿನ ಬಗ್ಗೆ ಗ್ರೂಪಿನಲ್ಲಿ ಯಾರೂ ಕೇಳಲಿಲ್ಲ. ರಿಪೋರ್ಟ್ ಕೊಡುವಾಗ ಲ್ಯಾಬಿನ ಕೌಂಟರಿನಲ್ಲಿದ್ದ ಹುಡುಗನೂ "ಕೊಲೆಸ್ಟ್ರಾಲ್ ನಾರ್ಮಲ್ ಸರ್" ಅಂದನಂತೆ.

ಆವತ್ತಿಂದ ಇದು ನನ್ನ ತಲೆಯಲ್ಲೇ ಕೊರೆಯುತ್ತಿದೆ. ನಮ್ಮ ಜನ ರಿಪೋರ್ಟನ್ನು ಒಂದೊಂದೇ ಸಾಲಾಗಿ ಓದುತ್ತಾರೆ. ಈ ಸಾಲು ಪಾಸು, ಆ ಸಾಲು ಫೇಲು. ಆದರೆ ಬೊಜ್ಜಿನಿಂದ ಬರುವ ಅಪಾಯ ಯಾವುದೋ ಒಂದು ಸಾಲಿನಲ್ಲಿ ಕೂತಿರುವುದಿಲ್ಲ. ಟ್ರೈಗ್ಲಿಸರೈಡ್ ಮೇಲೆ, ಎಚ್‌ಡಿಎಲ್ ಕೆಳಗೆ, ಜೊತೆಗೆ ರಿಪೋರ್ಟಿನಲ್ಲಿ ಇಲ್ಲದೇ ಇರುವ ಹೊಟ್ಟೆಯ ಅಳತೆ. ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಮಾತ್ರ ಅದು ಕಾಣುತ್ತದೆ. ಟೋಟಲ್ ಕೊಲೆಸ್ಟ್ರಾಲ್ ಎಂಬ ನಮ್ಮ ಪ್ರೀತಿಯ ಸಂಖ್ಯೆ ಈ ವಿಷಯದಲ್ಲಿ ಏನೂ ಹೇಳದೆ ಸುಮ್ಮನಿರುತ್ತದೆ.

ಸೆಂಟ್ರಿಫ್ಯೂಜಿನಿಂದ ಹೊರಬಂದ ಟ್ಯೂಬು

ಶಿವಮೊಗ್ಗದಲ್ಲಿ ನನ್ನ ಗೆಳೆಯನೊಬ್ಬನ ಸಣ್ಣ ಲ್ಯಾಬಿದೆ. ಬಸ್ ಸ್ಟ್ಯಾಂಡಿನ ಹತ್ತಿರ, ಮೆಡಿಕಲ್ ಶಾಪಿನ ಮೇಲಿನ ಮಹಡಿ. ಆ ಊರಿಗೆ ಹೋದಾಗಲೆಲ್ಲ ಬೆಳಗ್ಗೆ ಅಲ್ಲಿಗೆ ಹೋಗಿ ಕೂರುವುದು ನನಗೊಂದು ಚಟ. ಖಾಲಿ ಹೊಟ್ಟೆಯ ಜನ ಸಿಡುಕುತ್ತಾ ಕಾಯುತ್ತಿರುತ್ತಾರೆ. ರಕ್ತ ಕೊಟ್ಟ ಕೂಡಲೇ ಎದುರಿನ ಹೋಟೆಲಿಗೆ ಇಡ್ಲಿಗೆ ಓಡುತ್ತಾರೆ. ಒಂದು ಸಲ ಅವನು ಒಳಗಿಂದ ಕೂಗಿದ: "ಬಾರೋ ಮಾರಾಯ, ಇಲ್ಲೊಂದು ನೋಡು."

ಸೆಂಟ್ರಿಫ್ಯೂಜ್ ಆಗಷ್ಟೇ ನಿಂತಿತ್ತು. ಅದರಲ್ಲಿ ತಿರುಗಿಸಿದಾಗ ರಕ್ತದ ಕೆಂಪು ಕಣಗಳು ಕೆಳಗೆ ಕೂರುತ್ತವೆ. ಮೇಲೆ ತಿಳಿಯಾದ ಹಳದಿ ದ್ರವ ನಿಲ್ಲುತ್ತದೆ, ಅದೇ ಸೀರಂ. ಸ್ಟ್ಯಾಂಡಿನಲ್ಲಿದ್ದ ಟ್ಯೂಬುಗಳೆಲ್ಲ ಹಾಗೇ ಇದ್ದವು, ಹಿಂದಿನ ಬೆರಳು ಕಾಣುವಷ್ಟು ತಿಳಿ. ಒಂದು ಟ್ಯೂಬಿನಲ್ಲಿ ಮಾತ್ರ ಕೆಂಪಿನ ಮೇಲೆ ಇದ್ದದ್ದು ಹಾಲಿನಂಥ ಬಿಳಿ. ಅಡ್ಡ ಬಗ್ಗಿಸಿದರೆ ಗಾಜಿಗೆ ತೆಳ್ಳಗೆ ಅಂಟಿಕೊಂಡು ಇಳಿಯಿತು. "ಲೈಪೀಮಿಕ್ ಸ್ಯಾಂಪಲ್ ಅಂತೀವಿ. ಇದು ಕೊಬ್ಬು, ಬರೀ ಟ್ರೈಗ್ಲಿಸರೈಡು" ಅಂದ. ಮಶೀನಿಗೆ ಹಾಕಿದಾಗ 612 ಬಂತು. ಸ್ಯಾಂಪಲ್ ಕೊಟ್ಟವರು ಹಿಂದಿನ ರಾತ್ರಿ ಯಾವುದೋ ಗೃಹಪ್ರವೇಶ ಮುಗಿಸಿ, ಆಮೇಲೆ ಗೆಳೆಯರ ಜೊತೆ ಕೂತೆದ್ದು ಬಂದಿದ್ದರಂತೆ. ಇಷ್ಟು ಏರಿದಾಗ ಹೃದಯದ ಚಿಂತೆ ಆಮೇಲೆ. 500 ದಾಟಿದರೆ ಡಾಕ್ಟರುಗಳು ಮೊದಲು ಹೆದರುವುದು ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಉರಿಯೂತಕ್ಕೆ.

ನನ್ನ ಕಣ್ಣಿಗೆ ಬಿದ್ದದ್ದು ಇನ್ನೊಂದು ಸಂಗತಿ. ಆ ರಿಪೋರ್ಟಿನಲ್ಲಿ ಎಲ್‌ಡಿಎಲ್ ಎದುರಿಗೆ ಸಂಖ್ಯೆಯೇ ಇರಲಿಲ್ಲ, ಒಂದು ಅಡ್ಡಗೆರೆ ಇತ್ತು. ಯಾಕೆ ಅಂತ ಕೇಳಿದೆ. "ಅದನ್ನ ನಾವು ಅಳೆಯೋದೇ ಇಲ್ವಲ್ಲ, ಲೆಕ್ಕ ಹಾಕ್ತೀವಿ" ಅಂದ. ಬಹಳ ಕಡೆ ಈಗಲೂ ಹೀಗೇ. ಟೋಟಲ್, ಎಚ್‌ಡಿಎಲ್, ಟ್ರೈಗ್ಲಿಸರೈಡ್ ಇಷ್ಟನ್ನು ಮಶೀನು ಅಳೆಯುತ್ತದೆ. ಟೋಟಲ್‌ನಿಂದ ಎಚ್‌ಡಿಎಲ್ ಕಳೆಯಬೇಕು. ಆಮೇಲೆ ಟ್ರೈಗ್ಲಿಸರೈಡಿನ ಐದನೇ ಒಂದು ಭಾಗ ಕಳೆಯಬೇಕು. ಉಳಿದದ್ದು ಎಲ್‌ಡಿಎಲ್. ಅಮೆರಿಕದ ವಿಲಿಯಂ ಫ್ರೀಡ್‌ವಾಲ್ಡ್, ರಾಬರ್ಟ್ ಲೆವಿ, ಡೊನಾಲ್ಡ್ ಫ್ರೆಡ್ರಿಕ್ಸನ್ ಎಂಬ ಮೂವರು 1972ರಲ್ಲಿ ಕೊಟ್ಟ ಸೂತ್ರ ಇದು. ಎಲ್‌ಡಿಎಲ್ ನೇರವಾಗಿ ಅಳೆಯಲು ಆಗ ಅತಿ ವೇಗವಾಗಿ ತಿರುಗುವ ಅಲ್ಟ್ರಾ ಸೆಂಟ್ರಿಫ್ಯೂಜ್ ಬೇಕಿತ್ತು. ಅದನ್ನು ತಪ್ಪಿಸಲು ಮಾಡಿದ ಜಾಣ ಲೆಕ್ಕ. ಟ್ರೈಗ್ಲಿಸರೈಡ್ 400 ದಾಟಿದರೆ ಈ ಲೆಕ್ಕ ನಡೆಯುವುದಿಲ್ಲ ಅಂತ ಅವರೇ ಹೇಳಿದ್ದರು. ಅದಕ್ಕೇ ಆ ಅಡ್ಡಗೆರೆ.

ಭಾವನ ರಿಪೋರ್ಟಿಗೆ ಈ ಲೆಕ್ಕ ಹಾಕಿ ನೋಡಿ. 178ರಲ್ಲಿ 31 ಕಳೆದರೆ 147. 262ರ ಐದನೇ ಭಾಗ 52. ಕಳೆದರೆ 95. "ನಾರ್ಮಲ್" ಎಲ್‌ಡಿಎಲ್ ಹುಟ್ಟಿದ್ದು ಹೀಗೆ. ಟ್ರೈಗ್ಲಿಸರೈಡ್ ಏರಿದಷ್ಟೂ ಕಳೆಯುವ ಮೊತ್ತ ಏರುತ್ತದೆ, ಎಲ್‌ಡಿಎಲ್ ಇಳಿದ ಹಾಗೆ ಕಾಣುತ್ತದೆ. ಎಚ್‌ಡಿಎಲ್ ಕುಸಿದರೆ ಟೋಟಲ್ಲೂ ಕಮ್ಮಿ ಕಾಣುತ್ತದೆ. ಒಳ್ಳೆಯದು ಕಮ್ಮಿಯಾಗಿ ಟೋಟಲ್ ಚೆನ್ನಾಗಿ ಕಾಣುವ ವಿಚಿತ್ರ ಇದು. ಗ್ರೂಪಿನವರು ಹೆಬ್ಬೆರಳು ಎತ್ತಿದ್ದು ಇದಕ್ಕೇ.

ಆ ನಡುವಿನ 147 ಇದೆಯಲ್ಲ, ಅದು ಹೆಚ್ಚು ನಂಬಿಕೆಯ ಸಂಖ್ಯೆ. ಟೋಟಲ್‌ನಿಂದ ಎಚ್‌ಡಿಎಲ್ ಕಳೆದರೆ ಬರುವುದು ನಾನ್-ಎಚ್‌ಡಿಎಲ್. ರಕ್ತನಾಳದ ಗೋಡೆಯೊಳಗೆ ನುಗ್ಗಬಲ್ಲ ಎಲ್ಲ ಕಣಗಳಲ್ಲಿರುವ ಕೊಲೆಸ್ಟ್ರಾಲ್ ಇದರಲ್ಲಿ ಸೇರಿದೆ. ಊಟ ಮಾಡಿ ಹೋದರೂ ಇದು ಅಷ್ಟೇನೂ ಬದಲಾಗುವುದಿಲ್ಲ. ಎಲ್‌ಡಿಎಲ್‌ಗೆ ಇಟ್ಟ ಗುರಿಗೆ 30 ಸೇರಿಸಿದರೆ ಇದರ ಗುರಿ. ಎಲ್‌ಡಿಎಲ್ 100ರ ಒಳಗಿರಬೇಕಾದವರಿಗೆ ಇದು 130ರ ಒಳಗಿರಬೇಕು. 95ಕ್ಕೆ ಪಾಸಾದ ಭಾವ ಇಲ್ಲಿ 147ಕ್ಕೆ ಫೇಲು. ಮನೆಯಲ್ಲೇ ಮಾಡಬಹುದಾದ ಒಂದು ಕಳೆಯುವ ಲೆಕ್ಕ, ಯಾರೂ ಮಾಡುವುದಿಲ್ಲ.

(ಹನ್ನೆರಡು ಗಂಟೆ ಉಪವಾಸದ ಬಗ್ಗೆ ಒಂದು ಮಾತು. ಮೊದಲ ಸಲದ ಪರೀಕ್ಷೆಗೆ ಉಪವಾಸ ಕಡ್ಡಾಯವಲ್ಲ ಅಂತ ಯುರೋಪಿನ ತಜ್ಞರು 2016ರಲ್ಲೇ ಹೇಳಿದರು. 2024ರಲ್ಲಿ ಕಾರ್ಡಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾ ಕೂಡ ಅದನ್ನೇ ಹೇಳಿತು. ನಮ್ಮೂರ ಲ್ಯಾಬುಗಳಿಗೆ ಈ ಸುದ್ದಿ ಇನ್ನೂ ಮುಟ್ಟಿಲ್ಲ. ಟ್ರೈಗ್ಲಿಸರೈಡ್ ಜಾಸ್ತಿ ಬಂದವರು ಮಾತ್ರ ಉಪವಾಸವಿದ್ದು ಇನ್ನೊಮ್ಮೆ ಮಾಡಿಸುವುದು ಒಳ್ಳೆಯದು.)

ಹೊಟ್ಟೆಗೂ ರಕ್ತಕ್ಕೂ ಏನು ಸಂಬಂಧ

ಟ್ರೈಗ್ಲಿಸರೈಡ್ ಅಂದರೆ ಕೊಬ್ಬೇ. ಹಾಗಾಗಿ ಎಣ್ಣೆ ತಿಂದದ್ದು ಜಾಸ್ತಿಯಾಗಿ ರಕ್ತಕ್ಕೆ ಬಂತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಊಟವಾದ ಕೆಲವು ಗಂಟೆ ಅದು ನಿಜವೂ ಹೌದು. ಆದರೆ ರಾತ್ರಿಯೆಲ್ಲ ಉಪವಾಸವಿದ್ದು ಬೆಳಗ್ಗೆ ಕೊಟ್ಟ ರಕ್ತದಲ್ಲಿ ಇರುವ ಟ್ರೈಗ್ಲಿಸರೈಡು ಬಹುಪಾಲು ನಮ್ಮ ಲಿವರ್ ತಯಾರಿಸಿ ಕಳಿಸಿದ್ದು. ಲಿವರ್‌ಗೆ ಕಚ್ಚಾ ಮಾಲು ಎರಡು ಕಡೆಯಿಂದ ಬರುತ್ತದೆ. ಒಂದು, ಹೊಟ್ಟೆಯ ಕೊಬ್ಬು. ಆರೋಗ್ಯವಂತರಲ್ಲಿ ಊಟವಾದ ಮೇಲೆ ಇನ್ಸುಲಿನ್ ಏರುತ್ತದೆ, ಕೊಬ್ಬಿನ ಜೀವಕೋಶಗಳಿಗೆ "ಈಗ ಬಿಡಬೇಡ, ಇಟ್ಟುಕೋ" ಅನ್ನುತ್ತದೆ. ಬೊಜ್ಜು ತುಂಬಿದ ಮೈಯಲ್ಲಿ ಕೋಶಗಳು ಈ ಮಾತು ಕೇಳುವುದಿಲ್ಲ. ಕೊಬ್ಬಿನಾಮ್ಲ ರಕ್ತಕ್ಕೆ ಸೋರುತ್ತಲೇ ಇರುತ್ತದೆ, ಲಿವರ್ ಸೇರುತ್ತದೆ. ಎರಡನೆಯದು, ತಟ್ಟೆಯಲ್ಲಿರುವ ಅನ್ನ, ಸಕ್ಕರೆ, ಮೈದಾ. ಮೈಗೆ ಬೇಕಾದಷ್ಟು ಮುಗಿದ ಮೇಲೆ ಉಳಿದ ಸಕ್ಕರೆ ಅಂಶವನ್ನು ಲಿವರ್ ಕೊಬ್ಬಾಗಿ ಬದಲಿಸುತ್ತದೆ. ಸ್ವಲ್ಪ ತನ್ನಲ್ಲೇ ಇಟ್ಟುಕೊಳ್ಳುತ್ತದೆ, ಸ್ಕ್ಯಾನಿಂಗ್‌ನವರು ಬರೆಯುವ ಫ್ಯಾಟಿ ಲಿವರ್ ಅದೇ. ಮಿಕ್ಕಿದ್ದನ್ನು ವಿಎಲ್‌ಡಿಎಲ್ ಎಂಬ ಕಣಗಳಲ್ಲಿ ತುಂಬಿ ರಕ್ತಕ್ಕೆ ಬಿಡುತ್ತದೆ.

ಕಥೆ ಅಲ್ಲಿಗೇ ನಿಲ್ಲುವುದಿಲ್ಲ. ಈ ಕಣಗಳು ರಕ್ತದಲ್ಲಿ ಓಡಾಡುವಾಗ ಎಚ್‌ಡಿಎಲ್, ಎಲ್‌ಡಿಎಲ್ ಕಣಗಳ ಜೊತೆ ಕೊಡು-ಕೊಳ್ಳು ನಡೆಸುತ್ತವೆ. ತಮ್ಮ ಟ್ರೈಗ್ಲಿಸರೈಡ್ ಕೊಟ್ಟು ಅವುಗಳ ಕೊಲೆಸ್ಟ್ರಾಲ್ ತೆಗೆದುಕೊಳ್ಳುತ್ತವೆ. ಹೀಗೆ ಟ್ರೈಗ್ಲಿಸರೈಡ್ ತುಂಬಿಕೊಂಡ ಎಚ್‌ಡಿಎಲ್ ಬೇಗ ಒಡೆದುಹೋಗುತ್ತದೆ. ಅದಕ್ಕೇ 262 ಇದ್ದಲ್ಲಿ 31 ಇರುತ್ತದೆ. ಇವು ಎರಡು ಬೇರೆ ಬೇರೆ ದೋಷಗಳಲ್ಲ, ಒಂದೇ ಕೆಲಸದ ಎರಡು ತುದಿ. ಎಲ್‌ಡಿಎಲ್ ಕಣಗಳೂ ಕೊಲೆಸ್ಟ್ರಾಲ್ ಕಳೆದುಕೊಂಡು ಸಣ್ಣ, ಗಟ್ಟಿ ಕಣಗಳಾಗುತ್ತವೆ. ಒಂದೊಂದು ಕಣದಲ್ಲೂ ಕೊಲೆಸ್ಟ್ರಾಲ್ ಕಮ್ಮಿ, ಆದರೆ ಕಣಗಳ ಸಂಖ್ಯೆ ಜಾಸ್ತಿ. ರಿಪೋರ್ಟು ಹೇಳುವುದು ಕೊಲೆಸ್ಟ್ರಾಲಿನ ತೂಕ, ಕಣಗಳ ತಲೆ ಎಣಿಕೆಯಲ್ಲ. ತಲೆ ಎಣಿಸಬೇಕಾದರೆ ಅಪೊ-ಬಿ ಎಂಬ ಬೇರೆ ಪರೀಕ್ಷೆ ಇದೆ. ಪ್ರತಿ ಕಣಕ್ಕೂ ಒಂದೇ ಒಂದು ಅಪೊ-ಬಿ ಇರುವುದರಿಂದ ಲೆಕ್ಕ ತಪ್ಪುವುದಿಲ್ಲ.

ಅಮೆರಿಕದ ಜೆರಾಲ್ಡ್ ರೀವನ್ 1988ರ ತಮ್ಮ ಬ್ಯಾಂಟಿಂಗ್ ಉಪನ್ಯಾಸದಲ್ಲಿ ಈ ಗುಂಪಿಗೆ "ಸಿಂಡ್ರೋಮ್ ಎಕ್ಸ್" ಅಂತ ಹೆಸರಿಟ್ಟರು. ಇನ್ಸುಲಿನ್ ಮಾತು ಕೇಳದ ಮೈ, ಏರಿದ ಟ್ರೈಗ್ಲಿಸರೈಡ್, ಇಳಿದ ಎಚ್‌ಡಿಎಲ್, ಬಿಪಿ, ಶುಗರ್, ಎಲ್ಲ ಒಂದೇ ಬುಡದಿಂದ ಬರುತ್ತವೆ ಅನ್ನುವುದು ಅವರ ವಾದ. ಕೊಬ್ಬು ಎಲ್ಲಿದೆ ಅನ್ನುವುದೇ ಮುಖ್ಯ ಅಂತ ಅದಕ್ಕೂ ಎಷ್ಟೋ ಮೊದಲು, 1947ರಲ್ಲಿ, ಫ್ರಾನ್ಸಿನ ಮಾರ್ಸೇಲ್ ನಗರದ ಡಾಕ್ಟರ್ ಜ್ಯಾಂ ವಾಗ್ ಬರೆದಿದ್ದರು. ತೊಡೆ, ಪಿರ್ರೆಯ ಕೊಬ್ಬಿಗಿಂತ ಮೈಯ ಮೇಲ್ಭಾಗದ ಕೊಬ್ಬು ಕೆಟ್ಟದ್ದು ಅಂತ. ಈ ಎರಡನ್ನೂ ಕೂಡಿಸಿ ಸುಲಭ ಮಾಡಿದ್ದು ಕೆನಡಾದ ಕ್ವಿಬೆಕ್‌ನ ಸಂಶೋಧಕರು. 2000ದಲ್ಲಿ ಅವರು ಹೇಳಿದ್ದಿಷ್ಟು: ಗಂಡಸಿನ ಹೊಟ್ಟೆಯ ಸುತ್ತಳತೆ 90 ಸೆಂಟಿಮೀಟರ್ ಮುಟ್ಟಿ, ಟ್ರೈಗ್ಲಿಸರೈಡ್ ಸುಮಾರು 177 ಮುಟ್ಟಿದ್ದರೆ ಸಾಕು. ಒಳಗೆ ಅಪಾಯದ ಕೊಬ್ಬಿದೆ ಅಂತ ಶಂಕಿಸಬಹುದು. ಒಂದು ಟೇಪು, ಒಂದು ಅಗ್ಗದ ರಕ್ತಪರೀಕ್ಷೆ.

ಟೈಲರ್ ಟೇಪು

ಹಬ್ಬಕ್ಕೆ ತಿಪಟೂರಿಗೆ ಹೋದಾಗ ಈ ಮಾತು ಎತ್ತಿದೆ. ಅಕ್ಕ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಅವಳ ಕುತ್ತಿಗೆಯಲ್ಲಿ ಟೇಪು ಯಾವಾಗಲೂ ನೇತಾಡುತ್ತಿರುತ್ತದೆ. "ಭಾವ, ಸ್ವಲ್ಪ ಶರ್ಟ್ ಎತ್ತಿ" ಅಂದೆ. "ಯಾಕಪ್ಪಾ, ನನಗೂ ಬ್ಲೌಸ್ ಹೊಲಿಸ್ತೀಯಾ?" ಅಂದರು. ಆಮೇಲೆ ಬೆಲ್ಟಿನ ಜಾಗ ತೋರಿಸಿ, "ಮದುವೇಲಿ 34, ಇವತ್ತಿಗೂ 34 ಪ್ಯಾಂಟೇ. ಅಳೆಯೋದೇನು ಬಂತು?" ಅಂತ ಗತ್ತಿನಿಂದ ನಿಂತರು. ಮಾತು ಸುಳ್ಳಲ್ಲ. ಪ್ಯಾಂಟು 34ರದ್ದೇ. ಆದರೆ ಅದು ವರ್ಷದಿಂದ ವರ್ಷಕ್ಕೆ ಕೆಳಗೆ ಇಳಿಯುತ್ತಾ, ಈಗ ಹೊಟ್ಟೆಯ ಕೆಳಗೆ ಬಂದು ನಿಂತಿದೆ. ಬಕಲ್ ನೆಲ ನೋಡುತ್ತಿದೆ. ನಮ್ಮ ಗಂಡಸರಲ್ಲಿ ಅರ್ಧಕ್ಕರ್ಧ ಜನ ತಮ್ಮ ಸೊಂಟ ಬೆಳೆದಿಲ್ಲ ಅಂತ ನಂಬಿರುವುದು ಹೀಗೇ.

ಅಳೆಯಬೇಕಾದ್ದು ಪ್ಯಾಂಟಿನ ಜಾಗದಲ್ಲಲ್ಲ. ಪಕ್ಕದಲ್ಲಿ ಕೈಯಿಟ್ಟು ಕಡೆಯ ಪಕ್ಕೆಲುಬು ಎಲ್ಲಿ ಮುಗಿಯುತ್ತದೆ ನೋಡಬೇಕು, ಸೊಂಟದ ಮೂಳೆ ಎಲ್ಲಿ ಶುರುವಾಗುತ್ತದೆ ನೋಡಬೇಕು. ಇವೆರಡರ ನಡುಮಧ್ಯೆ ಟೇಪು ಸುತ್ತಬೇಕು. ಅಕ್ಕ ಹಾಗೇ ಸುತ್ತಿದಳು. ಭಾವ ಹೊಟ್ಟೆ ಒಳಗೆಳೆದುಕೊಂಡರು. "ರೀ, ಉಸಿರು ಬಿಡಿ. ಎಳ್ಕೋಬೇಡಿ. ಗಿರಾಕಿಗಳೂ ಹೀಗೇ ಮಾಡ್ತಾರೆ, ಆಮೇಲೆ ಬಿಗಿ ಆಯ್ತು ಅಂತ ಜಗಳಕ್ಕೆ ಬರ್ತಾರೆ" ಅಂದಳು. ಉಸಿರು ಬಿಟ್ಟರು. 37 ಇಂಚು, ಅಂದರೆ 94 ಸೆಂಟಿಮೀಟರ್. ಭಾರತೀಯ ಗಂಡಸಿಗೆ ಗಡಿ 90, ಹೆಂಗಸಿಗೆ 80. ತೂಕದ ಮಶೀನಿನ ಪ್ರಕಾರ ಇವರ ಬಿಎಂಐ, ಅಂದರೆ ಎತ್ತರಕ್ಕೆ ತೂಕ ಹೋಲಿಸುವ ಸಂಖ್ಯೆ, 23ರ ಒಳಗೇ ಇದೆ. ನಮ್ಮವರಿಗಾಗಿ ಬಿಗಿ ಮಾಡಿದ ಅಳತೆಯಲ್ಲೂ ಪಾಸು. ತೂಕ ಪಾಸು, ಟೋಟಲ್ ಪಾಸು, ಪ್ಯಾಂಟು ಪಾಸು.

ಟ್ರೈಗ್ಲಿಸರೈಡನ್ನು ಎಚ್‌ಡಿಎಲ್‌ನಿಂದ ಭಾಗಿಸಿ ನೋಡುವ ಪದ್ಧತಿಯೂ ಇದೆ. ರೀವನ್ ಇದ್ದ ತಂಡವೇ 2003ರಲ್ಲಿ ಈ ಅನುಪಾತ 3 ಮುಟ್ಟಿದರೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ ಶಂಕಿಸಬಹುದು ಎಂದಿತು. ಭಾವನದು 8 ದಾಟುತ್ತದೆ. ಇದು ಎಲ್ಲ ಜನಕ್ಕೂ ಒಂದೇ ರೀತಿ ನಡೆಯುವುದಿಲ್ಲ ಅನ್ನುವುದನ್ನೂ ಹೇಳಬೇಕು. ಆಫ್ರಿಕನ್ ಮೂಲದ ಅಮೆರಿಕನ್ನರಲ್ಲಿ ಇನ್ಸುಲಿನ್ ತೊಂದರೆ ಇದ್ದರೂ ಟ್ರೈಗ್ಲಿಸರೈಡ್ ಅಷ್ಟು ಏರುವುದಿಲ್ಲ, ಅವರಿಗೆ ಈ ಅನುಪಾತ ಮೋಸ ಮಾಡುತ್ತದೆ. ನಮ್ಮವರಲ್ಲಿ ಮಾತ್ರ ಈ ಜೋಡಿ ಎದ್ದು ಕಾಣುತ್ತದೆ. ಸಕ್ಕರೆ ಕಾಯಿಲೆ ಕುರಿತ ದೇಶದ ದೊಡ್ಡ ಸಮೀಕ್ಷೆಯಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಮೊದಲ ಹಂತ ತಮಿಳುನಾಡು, ಮಹಾರಾಷ್ಟ್ರ, ಜಾರ್ಖಂಡ್, ಚಂಡೀಗಢದಲ್ಲಿ ನಡೆದಿತ್ತು. 2014ರಲ್ಲಿ ಅದರ ಕೊಬ್ಬಿನ ಲೆಕ್ಕ ಬಂತು. ಎಲ್‌ಡಿಎಲ್ ಜಾಸ್ತಿ ಇದ್ದವರು ಶೇ. 11.8 ಮಾತ್ರ. ಟ್ರೈಗ್ಲಿಸರೈಡ್ ಜಾಸ್ತಿ ಇದ್ದವರು ಶೇ. 29.5. ಎಚ್‌ಡಿಎಲ್ ಕಮ್ಮಿ ಇದ್ದವರು ಶೇ. 72.3! ನಾವು ಕೇಳುವ ಪ್ರಶ್ನೆ ಒಂದು, ನಮ್ಮ ರಕ್ತದ ತೊಂದರೆ ಇನ್ನೊಂದು. 2023ರಲ್ಲಿ ಇಡೀ ದೇಶದ ಲೆಕ್ಕ ಬಂದಾಗ ಬಿಎಂಐ ಪ್ರಕಾರ ಬೊಜ್ಜಿದ್ದವರು ಶೇ. 28.6, ಹೊಟ್ಟೆಯ ಬೊಜ್ಜಿದ್ದವರು ಶೇ. 39.5. ಈ ಎರಡು ಸಂಖ್ಯೆಗಳ ನಡುವಿನ ಜಾಗದಲ್ಲಿ ನಮ್ಮ ಭಾವನಂಥ "ಸಣ್ಣ ಆಳುಗಳು" ಕೋಟಿಗಟ್ಟಲೆ ಇದ್ದಾರೆ.

ಮಿಷನ್ ಆಸ್ಪತ್ರೆಯ ಹಳೆಯ ರಿಜಿಸ್ಟರು

ಇಷ್ಟು ಸಣ್ಣ ಮೈಯಲ್ಲಿ ಇಷ್ಟು ಕೊಬ್ಬು ಎಲ್ಲಿಂದ ಬಂತು? ಇದಕ್ಕೊಂದು ಪ್ರಸಿದ್ಧ ಫೋಟೋ ಇದೆ. 2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು. ಪುಣೆಯ ಡಾಕ್ಟರ್ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯಡ್ಕಿನ್ ಅಕ್ಕಪಕ್ಕ ನಿಂತಿದ್ದಾರೆ. ಇಬ್ಬರ ಬಿಎಂಐ ಕೂಡ 22.3. ಯಡ್ಕಿನ್ ಮೈಯ ಕೊಬ್ಬು ಶೇ. 9.1. ಯಾಜ್ಞಿಕರದ್ದು ಶೇ. 21.2. ಒಂದೇ ಬಿಎಂಐ, ಎರಡು ಪಟ್ಟಿಗೂ ಹೆಚ್ಚು ಕೊಬ್ಬು. ಸಂಶೋಧಕರು ತಮ್ಮ ಮೈಯನ್ನೇ ಸಾಕ್ಷಿಗೆ ನಿಲ್ಲಿಸಿದ್ದು ನನಗೆ ಬಹಳ ಹಿಡಿಸಿತು.

ಇದರ ಬೇರು ಹುಟ್ಟಿಗೂ ಮುಂಚೆ ಇದೆ ಅನ್ನುವ ವಾದಕ್ಕೆ ನಮ್ಮ ಮೈಸೂರು ದೊಡ್ಡ ಸಾಕ್ಷಿ ಕೊಟ್ಟಿದೆ. ಮೈಸೂರಿನವರು ಮಿಷನ್ ಆಸ್ಪತ್ರೆ ಅನ್ನುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟ ರಿಜಿಸ್ಟರುಗಳಿದ್ದವು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ, ಇನ್ನೂ ಊರಿನ ಆಸುಪಾಸಿನಲ್ಲೇ ಇದ್ದ 517 ಜನರನ್ನು ಹುಡುಕಿ ಪರೀಕ್ಷೆ ಮಾಡಿದರು. 1996ರಲ್ಲಿ ಅದೂ ಲ್ಯಾನ್ಸೆಟ್‌ನಲ್ಲೇ ಬಂತು. ಹುಟ್ಟುವಾಗ ಐದೂವರೆ ಪೌಂಡಿಗಿಂತ, ಅಂದರೆ ಎರಡೂವರೆ ಕೆಜಿಗಿಂತ ಮೇಲೇರದವರಲ್ಲಿ ಹೃದಯದ ಕಾಯಿಲೆ ಶೇ. 11. ಏಳು ಪೌಂಡಿಗಿಂತ ಹೆಚ್ಚಿದ್ದವರಲ್ಲಿ ಶೇ. 3. ಹೆರಿಗೆ ವಾರ್ಡಿನ ಯಾವುದೋ ನರ್ಸಮ್ಮ ಆವತ್ತು ಶ್ರದ್ಧೆಯಿಂದ ತೂಗಿ ಬರೆದದ್ದು ನಲವತ್ತು-ಅರವತ್ತು ವರ್ಷದ ಮೇಲೆ ಇಷ್ಟು ಹೇಳಿತು. ಆಮೇಲೆ ಪುಣೆಯ ಹಳ್ಳಿಗಳ ಕೂಸುಗಳನ್ನು ಇಂಗ್ಲೆಂಡಿನ ಸೌತಾಂಪ್ಟನ್ ಕೂಸುಗಳ ಜೊತೆ ಹೋಲಿಸಿದಾಗ ಇನ್ನೊಂದು ಗೊತ್ತಾಯಿತು. ನಮ್ಮ ಕೂಸುಗಳು ಎಲ್ಲದರಲ್ಲೂ ಸಣ್ಣ, ಸ್ನಾಯುವಂತೂ ತೀರಾ ಕಮ್ಮಿ. ಚರ್ಮದ ಕೆಳಗಿನ ಕೊಬ್ಬು ಮಾತ್ರ ಅಷ್ಟೇನೂ ಬಿಟ್ಟುಕೊಟ್ಟಿಲ್ಲ. ಬಸುರಿ ತಾಯಿಗೆ ಊಟ ಸಾಲದೆ ಹೋದರೆ ಮಗುವಿನ ಮೈ ಸ್ನಾಯು ಬಿಟ್ಟು ಕೊಬ್ಬು ಉಳಿಸಿಕೊಂಡು ಬರುತ್ತದೆ. ಆ ಮಗುವೇ ಮುಂದೆ ಆಫೀಸು, ಬೈಕು, ಎರಡು ಹೊತ್ತು ತುಂಬು ಅನ್ನ ಕಂಡರೆ ಏನಾಗುತ್ತದೆ ಅನ್ನುವುದನ್ನು ರಿಪೋರ್ಟಿನ ದಪ್ಪ ಅಕ್ಷರಗಳು ಹೇಳುತ್ತವೆ.

ಮಕ್ಕಳಲ್ಲೂ ಇದು ಶುರುವಾಗಿದೆ. 2016ರಿಂದ 2018ರವರೆಗೆ ನಡೆದ ರಾಷ್ಟ್ರೀಯ ಪೋಷಣೆ ಸಮೀಕ್ಷೆಯಲ್ಲಿ ಐದರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ ಶೇ. 34ರಷ್ಟು ಮಕ್ಕಳಿಗೆ ಟ್ರೈಗ್ಲಿಸರೈಡ್ ಜಾಸ್ತಿ ಇತ್ತು. ಹತ್ತರಿಂದ ಹತ್ತೊಂಬತ್ತರವರಲ್ಲಿ ಶೇ. 16. ಅದೇ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಮೂರಕ್ಕೊಂದು ಮಗು ವಯಸ್ಸಿಗೆ ತಕ್ಕ ಎತ್ತರವೇ ಇರಲಿಲ್ಲ. ಕುಳ್ಳಗಾಗುವುದೂ, ರಕ್ತದಲ್ಲಿ ಕೊಬ್ಬು ತುಂಬುವುದೂ ಒಂದೇ ದೇಶದ ಮಕ್ಕಳಲ್ಲಿ.

ತುಪ್ಪ ಬಿಟ್ಟವರು

ರಿಪೋರ್ಟು ಕೆಟ್ಟಿತು ಅಂದ ಕೂಡಲೇ ನಮ್ಮ ಮನೆಗಳಲ್ಲಿ ಮೊದಲು ಮಾಯವಾಗುವುದು ತುಪ್ಪದ ಗಿಂಡಿ. ಆಮೇಲೆ ಮೊಟ್ಟೆಯ ಹಳದಿ. ಅಕ್ಕನೂ ಅದನ್ನೇ ಮಾಡಿದಳು. ಒಗ್ಗರಣೆಗೆ ಚಮಚ ಲೆಕ್ಕದಲ್ಲಿ ಎಣ್ಣೆ. ಆದರೆ ತುಪ್ಪ ಹೋದ ಜಾಗಕ್ಕೆ ಇನ್ನೊಂದು ಸೌಟು ಅನ್ನ ಬಂದಿತ್ತು. ಬೆಳಗ್ಗೆ ಕಾಫಿಗೆ ಎರಡು ಚಮಚ ಸಕ್ಕರೆ, ಜೊತೆಗೆ ಮಾರಿ ಬಿಸ್ಕೆಟ್. "ಅದು ಲೈಟು" ಅಂತ ನಾಲ್ಕು. ಸಂಜೆ ಮಂಡಕ್ಕಿ. ರಾತ್ರಿ ಹಗುರವಾಗಿರಲಿ ಅಂತ ಅವಲಕ್ಕಿ. ಎಣ್ಣೆಯೇ ಇಲ್ಲದ ಇಂಥ ಊಟದಿಂದಲೂ ಲಿವರ್ ಬೇಕಾದಷ್ಟು ಕೊಬ್ಬು ಮಾಡಬಲ್ಲದು. ತುಪ್ಪ ಎಲ್‌ಡಿಎಲ್ ಏರಿಸುತ್ತದೆ, ತಿಪಟೂರಿನವರ ಪ್ರಾಣವಾದ ಕೊಬ್ಬರಿಯೂ ಏರಿಸುತ್ತದೆ, ಅದರಲ್ಲಿ ತಕರಾರಿಲ್ಲ. ಆದರೆ ಭಾವನ ರಿಪೋರ್ಟಿನ ದೂರು ತುಪ್ಪದ ಮೇಲಿರಲಿಲ್ಲ. ಅನ್ನ, ಬಿಸ್ಕೆಟ್, ಸಕ್ಕರೆಯ ಮೇಲಿತ್ತು. ಕುಡಿಯುವವರಾಗಿದ್ದರೆ ಅದರ ಮೇಲೂ ಇರುತ್ತಿತ್ತು.

ಮುಂದೆ ನಡೆದದ್ದು ಅಂಥ ದೊಡ್ಡ ಸಾಹಸವೇನಲ್ಲ. ಅವರ ಡಾಕ್ಟರು ಬಿಸ್ಕೆಟ್, ಸಕ್ಕರೆ ನಿಲ್ಲಿಸಿದರು. ಮುದ್ದೆ ಸಣ್ಣದಾಯಿತು, ಅನ್ನ ಒಂದು ಹೊತ್ತಿಗೆ ಇಳಿಯಿತು, ಆ ಜಾಗಕ್ಕೆ ಹುರುಳಿ, ಅಲಸಂದೆ, ಮೊಟ್ಟೆ, ಸೊಪ್ಪು. ದಿನಾ ಸಂಜೆ ತೋಟದ ಕಡೆ ಬಿರುಸಿನ ನಡಿಗೆ. ಕೆಲವು ತಿಂಗಳಾದ ಮೇಲೆ ಬಂದ ರಿಪೋರ್ಟನ್ನು ಅಕ್ಕ ಗ್ರೂಪಿಗೆ ಹಾಕಲಿಲ್ಲ, ನನಗೊಬ್ಬನಿಗೇ ಕಳಿಸಿದಳು. ಕೆಳಗೆ ಒಂದು ವಾಯ್ಸ್ ಮೆಸೇಜು: "ನೋಡೋ, ಇಷ್ಟೆಲ್ಲಾ ಬಾಯಿ ಕಟ್ಟಿದ್ರೂ ಕೊಲೆಸ್ಟ್ರಾಲ್ ಏರಿದೆ. ಇವರು ಕದ್ದು ತಿಂತಿದ್ದಾರೆ ಅನ್ಸುತ್ತೆ." ನಿಜ, ಟೋಟಲ್ 178 ಇದ್ದದ್ದು 184 ಆಗಿತ್ತು. ಆದರೆ ಟ್ರೈಗ್ಲಿಸರೈಡ್ 262ರಿಂದ 158ಕ್ಕೆ ಇಳಿದಿತ್ತು. ಎಚ್‌ಡಿಎಲ್ 31ರಿಂದ 35ಕ್ಕೆ ಬಂದಿತ್ತು. ಇದು ಹಠಮಾರಿ ಸಂಖ್ಯೆ, ಬೇಗ ಏರುವುದಿಲ್ಲ. ತೂಕ ಮೂರೂವರೆ ಕೆಜಿ ಕಮ್ಮಿ, ಹೊಟ್ಟೆ 89. ಮೈತೂಕದಲ್ಲಿ ನೂರಕ್ಕೆ ಐದರಿಂದ ಹತ್ತು ಪಾಲು ಇಳಿದರೆ ಟ್ರೈಗ್ಲಿಸರೈಡ್ ಸುಮಾರು ಶೇ. 20ರಷ್ಟು ಇಳಿಯುತ್ತದೆ ಅಂತ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಹೇಳುತ್ತದೆ. ಅನ್ನ, ಸಕ್ಕರೆ ಇಳಿದಲ್ಲಿ ಇನ್ನೂ ಜಾಸ್ತಿ ಇಳಿಯುವುದುಂಟು.

ಹಾಗಂತ ಇದನ್ನು ಪೂರಾ ಗೆಲುವು ಅನ್ನಲೂ ಆಗುವುದಿಲ್ಲ. ಹಳೆಯ ಲೆಕ್ಕ ಹಾಕಿದರೆ ಎಲ್‌ಡಿಎಲ್ ಈಗ 117. ಕಳೆಯಬೇಕಾದ ಟ್ರೈಗ್ಲಿಸರೈಡ್ ಕಮ್ಮಿಯಾಗಿದ್ದಕ್ಕೆ ಸೂತ್ರದ ಮುಸುಕು ಸರಿದು ಅದು ಹೊರಗೆ ಬಂದಿದೆ. ನಾನ್-ಎಚ್‌ಡಿಎಲ್ 147ರಿಂದ 149. ಅಂದರೆ ಹೆಚ್ಚುಕಮ್ಮಿ ಇದ್ದಲ್ಲೇ ಇದೆ. ಲಿವರ್‌ಗೆ, ಶುಗರ್‌ಗೆ ಸಂಬಂಧಿಸಿದ ಅಪಾಯ ಇಳಿದಿದೆ. ರಕ್ತನಾಳದ ಗೋಡೆಗೆ ಸಂಬಂಧಿಸಿದ್ದು ಇನ್ನೂ ಇಳಿದಿಲ್ಲ. ಟ್ರೈಗ್ಲಿಸರೈಡ್ ಮುಖ್ಯ ಅಂತ ಇಷ್ಟು ಉದ್ದ ಬರೆದವನು ಇಲ್ಲಿ ಇನ್ನೊಂದು ಮಾತನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು. ಹೊಟ್ಟೆಯ ಕಥೆ ಹೇಳುವುದು ಟ್ರೈಗ್ಲಿಸರೈಡ್ ಮತ್ತು ಎಚ್‌ಡಿಎಲ್ ಜೋಡಿ. ಆದರೆ ರಕ್ತನಾಳ ಮುಚ್ಚಿಸುವ ಕೆಲಸದಲ್ಲಿ ಎಲ್‌ಡಿಎಲ್ ಪಾತ್ರ ಎಲ್ಲಕ್ಕಿಂತ ಚೆನ್ನಾಗಿ ಸಾಬೀತಾಗಿದೆ, ಮಾತ್ರೆ ಇಳಿಸುವುದೂ ಅದನ್ನೇ. ಯೂಟ್ಯೂಬಿನಲ್ಲಿ "ಎಲ್‌ಡಿಎಲ್ ಎಲ್ಲ ಕಂಪನಿಗಳ ಹುನ್ನಾರ" ಅನ್ನುವವರ ಮಾತು ಕೇಳಿ ಅದನ್ನು ಇಳಿಸುವ ಸ್ಟ್ಯಾಟಿನ್ ಮಾತ್ರೆ ನಿಲ್ಲಿಸಿದವರನ್ನು ನೋಡಿದ್ದೇನೆ, ಅದು ಬೆಂಕಿಯ ಜೊತೆ ಆಟ. ಎಚ್‌ಡಿಎಲ್ ಅನ್ನು ಔಷಧದಿಂದ ಏರಿಸಿ ಹೃದಯಾಘಾತ ತಪ್ಪಿಸುವ ದೊಡ್ಡ ದೊಡ್ಡ ಪ್ರಯತ್ನಗಳು ಸೋತಿವೆ ಅನ್ನುವುದೂ ನೆನಪಿರಲಿ. ಅದು ಸುದ್ದಿ ಹೇಳುವ ಸಂಖ್ಯೆ, ತಳ್ಳಿ ಮೇಲೇರಿಸಿದರೆ ಪ್ರಯೋಜನವಿಲ್ಲ. ಭಾವನಿಗೆ ಡಾಕ್ಟರು ಸಣ್ಣ ಡೋಸಿನ ಸ್ಟ್ಯಾಟಿನ್ ಬರೆದರು. ಅವರಪ್ಪನಿಗೆ ಐವತ್ತರಲ್ಲೇ ಹಾರ್ಟ್ ಅಟ್ಯಾಕ್ ಆಗಿತ್ತು ಅನ್ನುವುದು ಆ ನಿರ್ಧಾರಕ್ಕೆ ಮುಖ್ಯ ಕಾರಣ. ಅದು ಯಾವ ರಿಪೋರ್ಟಿನಲ್ಲೂ ಇರಲಿಲ್ಲ, ಬಾಯಿಬಿಟ್ಟು ಕೇಳಿದ್ದಕ್ಕೆ ಸಿಕ್ಕಿತು.

ಇದನ್ನೆಲ್ಲ ಶಿವಮೊಗ್ಗದ ಗೆಳೆಯನಿಗೆ ಹೇಳಿದೆ. ಫುಲ್ ಬಾಡಿ ಚೆಕಪ್ ಅಂತ ಹತ್ತಾರು ಟೆಸ್ಟುಗಳ ಪ್ಯಾಕೇಜ್ ಮಾರುತ್ತೀರಿ, ಅದರಲ್ಲಿ ವಿಟಮಿನ್ನುಗಳಿವೆ, ಥೈರಾಯ್ಡ್ ಇದೆ. ಟೇಪು ಹಿಡಿದು ಹೊಟ್ಟೆ ಅಳೆದು ರಿಪೋರ್ಟಿನ ತುದಿಯಲ್ಲಿ ಬರೆಯೋಕೆ ಏನು ಖರ್ಚು ಅಂತ ಕೇಳಿದೆ. ಅವನು ನಕ್ಕ. "ಅಳೀಬಹುದು ಮಾರಾಯ, ಟೇಪು ಇಪ್ಪತ್ತು ರೂಪಾಯಿ. ಆದ್ರೆ ಬೆಳಗ್ಗೆ ಆರೂವರೆಗೆ ನನ್ನ ಹತ್ರ ಇರೋದು ಇಬ್ರು ಹುಡುಗ್ರು. ಬರೋರಲ್ಲಿ ಅರ್ಧ ಜನ ಹೆಂಗಸರು. ಯಾರ ಸೊಂಟಕ್ಕೆ ಯಾರು ಟೇಪು ಸುತ್ತೋದು?" ಅದಕ್ಕೆ ಉತ್ತರ ನನ್ನ ಹತ್ತಿರ ಇರಲಿಲ್ಲ. ಅಳೆಯುವ ರೀತಿ ತೋರಿಸುವ ಒಂದು ಚಿತ್ರವನ್ನು ಕಾಯುವ ಜಾಗದಲ್ಲಿ ಅಂಟಿಸಿ, ಪಕ್ಕದಲ್ಲಿ ಟೇಪು ನೇತುಹಾಕು, ಅವರವರೇ ಅಳೆದುಕೊಳ್ಳಲಿ ಅಂದೆ. ಯಾರಾದರೂ ಜೇಬಿಗೆ ಹಾಕಿಕೊಂಡು ಹೋಗ್ತಾರೆ ಅಂದ. ಆಮೇಲೆ ಸ್ವಲ್ಪ ಯೋಚಿಸಿ, ನಾಲ್ಕು ತಂದಿಡ್ತೀನಿ ಅಂದ.